ಸಹಾಯ ಬೇಕು: ನಮ್ಮ ಜ್ಞಾನೋಪದೇಶದ ಟೀಚರಮ್ಮನಿಗೆ ಸನ್ಮಾನ ಪತ್ರ

ಎಲ್ಲರಿಗೂ ನಮಸ್ಕಾರ. ನಮ್ಮದು ಮಂಡ್ಯ ಕಡೆಯ ಸಣ್ಣ ಚರ್ಚು. ಭಾನುವಾರ ಪೂಜೆ ಮುಗಿದ ಮೇಲೆ ಮಕ್ಕಳಿಗೆ ಜ್ಞಾನೋಪದೇಶ, ಅಂದರೆ ನಮ್ಮ ಧರ್ಮದ ಪಾಠ, ಹೇಳಿಕೊಡುತ್ತಿದ್ದ ಟೀಚರಮ್ಮ ಈ ವರ್ಷ ಬಿಡುತ್ತಿದ್ದಾರೆ. ನನಗೆ ಶಿಲುಬೆ ಗುರುತು ಹಾಕಲು ಕಲಿಸಿದವರು ಅವರು. ಈಗ ನನ್ನ ಮಗಳನ್ನು ಮೊದಲ ಪರಮಪ್ರಸಾದಕ್ಕೆ (ಪೂಜೆಯಲ್ಲಿ ಮೊದಲ ಸಲ ಪವಿತ್ರ ರೊಟ್ಟಿ ಸ್ವೀಕರಿಸುವುದಕ್ಕೆ) ತಯಾರು ಮಾಡಿದವರೂ ಅವರೇ. ಒಂದು ರೂಪಾಯಿ ಸಂಬಳವಿಲ್ಲ. ಕಬ್ಬು ಕಡಿಯುವ ದಿನಗಳಲ್ಲೂ ಕ್ಲಾಸು ತಪ್ಪಿಸಿದವರಲ್ಲ.

ಸೆಪ್ಟೆಂಬರ್ 8ರ ಮರಿಯಮ್ಮನವರ ಹಬ್ಬದ ದಿನ ಸನ್ಮಾನ. ಶಾಲು, ಹಣ್ಣಿನ ಬುಟ್ಟಿ ಆಗಿದೆ. (ಮೈಸೂರು ಪೇಟ ತೊಡಿಸಿದರೆ ಎದ್ದು ಹೋಗ್ತೀನಿ ಅಂದಿದ್ದಾರೆ!) ಸನ್ಮಾನ ಪತ್ರ ಮಾತ್ರ ಕೈಗೆ ಹತ್ತುತ್ತಿಲ್ಲ. ನಾನು ಬರೆದದ್ದು ನಿವೃತ್ತ ತಹಶೀಲ್ದಾರರಿಗೆ ಬರೆದ ಹಾಗಿದೆ. 2021ರ ಮೇ ತಿಂಗಳಲ್ಲಿ ಪೋಪ್ ಫ್ರಾನ್ಸಿಸ್ ಉಪದೇಶಿಗಳ (ಇವರ ಹಾಗೆ ಜ್ಞಾನೋಪದೇಶ ಕಲಿಸುವವರ) ಕೆಲಸಕ್ಕೆ ಧರ್ಮಸಭೆಯಲ್ಲಿ ಅಧಿಕೃತ ಸ್ಥಾನ ಕೊಟ್ಟರಲ್ಲ, ಅದನ್ನೂ ಸೇರಿಸಬೇಕು. ಯಾರಾದರೂ ತಿದ್ದಿಕೊಡ್ತೀರಾ?

ಇನ್ನೊಂದು ವಿಷಯ. ಧರ್ಮಸಭೆಯ ಸೇವೆಗಾಗಿ ಪೋಪ್ ಕೊಡುವ ಬೆನೆಮೆರೆಂಟಿ ಪದಕಕ್ಕೆ ಟೀಚರಮ್ಮನ ಹೆಸರು ಬಿಷಪ್ ಮೂಲಕ ಹೋಗಬೇಕು. ಮೈಸೂರು ಧರ್ಮಪ್ರಾಂತ್ಯದಲ್ಲಿ ಯಾರಾದರೂ ಅರ್ಜಿ ಸಿದ್ಧಪಡಿಸಿದ್ದರೆ ಏನೇನು ದಾಖಲೆ ಇಟ್ಟಿರಿ ಅಂತ ತಿಳಿಸಿ. ನಮ್ಮ ಫಾದರ್ ಸಹಿ ಹಾಕಲು ಸಿದ್ಧರಿದ್ದಾರೆ, ಬರೆಯುವ ಕೆಲಸ ನನ್ನ ತಲೆಗೆ ಬಿದ್ದಿದೆ.