ದಾರಾ ಸಿಂಗ್ ಅವರ ಕುಸ್ತಿ ನಿಜವಾದ ಕುಸ್ತಿಯೇ ಆಗಿತ್ತೇ?

ಪ್ರಶ್ನೆ: ಹೊಳೆಸಾಲು

ಎಲ್ಲರಿಗೂ ನಮಸ್ಕಾರ. ನನ್ನ ತಂದೆಯವರಿಗೆ ಈಗ ಎಪ್ಪತ್ತೆಂಟು ವರ್ಷ. ಹುಡುಗರಾಗಿದ್ದಾಗ ನಮ್ಮೂರಿನ ಸಂತೆಮಾಳದಲ್ಲಿ ಬೀಡುಬಿಡುತ್ತಿದ್ದ ಟೂರಿಂಗ್ ಟಾಕೀಸಿನಲ್ಲಿ ನೆಲದ ಮೇಲೆ ಕುಳಿತು ದಾರಾ ಸಿಂಗ್ ಅವರ ಚಿತ್ರಗಳನ್ನು ನೋಡಿದವರು. ಹಿಂದಿಯ ಒಂದು ಮಾತೂ ಅರ್ಥವಾಗದಿದ್ದರೂ ಕಥೆ ಅರ್ಥವಾಗಲು ಏನೂ ತೊಂದರೆಯಿರಲಿಲ್ಲ ಎಂದು ಇಂದಿಗೂ ಹೇಳುತ್ತಾರೆ. ನಾವು ಮಕ್ಕಳು ಅಕ್ಕಿ ಮೂಟೆಗೆ ಕೈ ಹಾಕಿದರೆ ಸಾಕು, "ನೀನೇನು ದಾರಾಸಿಂಗನೇನೋ, ಬಿಡು ಅದನ್ನ" ಎಂದು ಗದರುತ್ತಿದ್ದರು.

ಕಳೆದ ವಾರ ಟಿವಿಯಲ್ಲಿ ಡಬ್ಲ್ಯೂಡಬ್ಲ್ಯೂಇ ನೋಡುತ್ತಿದ್ದ ನನ್ನ ಮಗ, "ತಾತ, ಯಾರು ಗೆಲ್ಲಬೇಕೆಂದು ಇಲ್ಲಿ ಮೊದಲೇ ತೀರ್ಮಾನವಾಗಿರುತ್ತದೆ, ನಿಮ್ಮ ದಾರಾ ಸಿಂಗ್ ಅವರದ್ದೂ ಹೀಗೆಯೇ ಅಲ್ಲವೇ" ಎಂದ. ತಂದೆಯವರು ಮರುಮಾತಾಡದೆ ಎದ್ದು ಜಗಲಿಗೆ ಹೋದರು. ಅವರು ಹಾಗೆ ಎದ್ದು ಹೋದದ್ದು ನನ್ನ ಮನಸ್ಸಿಗೆ ತುಂಬ ನಾಟಿತು. ಐನೂರು ಕುಸ್ತಿಗಳಲ್ಲಿ ಒಂದನ್ನೂ ಸೋಲಲಿಲ್ಲ, ಕಿಂಗ್‌ಕಾಂಗ್ ಎಂಬ ದೈತ್ಯನನ್ನು ಎತ್ತಿ ಎಸೆದರು ಎಂಬ ಮಾತುಗಳನ್ನು ಕೇಳುತ್ತಲೇ ಬೆಳೆದವನು ನಾನು. ಇವುಗಳಲ್ಲಿ ಎಷ್ಟು ನಿಜ? ಅವರು ಚಿತ್ರರಂಗಕ್ಕೆ ಬಂದದ್ದು ಹೇಗೆ? ಬಲ್ಲವರು ದಯವಿಟ್ಟು ತಿಳಿಸಬೇಕು.

ಉತ್ತರ: ಮಟ್ಟಿಮಣ್ಣು

ಹೊಳೆಸಾಲು ಅವರೇ, ಮೈಸೂರಿನ ಗರಡಿಯೊಂದರಲ್ಲಿ ಹದಿನೈದು ವರ್ಷ ಸಾಮು ಮಾಡಿದವನು ನಾನು. ಇಂಥದೇ ಪ್ರಶ್ನೆಯನ್ನು ನಮ್ಮ ಉಸ್ತಾದರಿಗೆ ಒಮ್ಮೆ ಕೇಳಿ ಬೈಸಿಕೊಂಡಿದ್ದೇನೆ. ನನಗೆ ತಿಳಿದಷ್ಟನ್ನು ಮುಚ್ಚುಮರೆಯಿಲ್ಲದೆ ಹೇಳುತ್ತೇನೆ.

ದಾರಾ ಸಿಂಗ್ ಹುಟ್ಟಿದ್ದು 1928ರ ನವೆಂಬರ್ 19ರಂದು, ಪಂಜಾಬಿನ ಅಮೃತಸರ ಜಿಲ್ಲೆಯ ಧರ್ಮೂಚಕ್ ಎಂಬ ಹಳ್ಳಿಯಲ್ಲಿ, ಒಕ್ಕಲು ಮನೆತನದಲ್ಲಿ. ಹಳ್ಳಿಯ ಅಖಾಡದ ಮಣ್ಣಿನಲ್ಲಿ ಕಲಿತ ಪೈಲ್ವಾನರು ಅವರು. ದೇಶ ವಿಭಜನೆಯಾದ ಕಾಲದಲ್ಲಿ ದುಡಿಮೆ ಹುಡುಕಿಕೊಂಡು ಸಿಂಗಾಪುರಕ್ಕೆ ಹೋಗಿ ಡ್ರಮ್ಮು ತಯಾರಿಸುವ ಕಾರ್ಖಾನೆಯಲ್ಲಿ ಕೆಲಸಕ್ಕೆ ಸೇರಿದರು. ಅಲ್ಲಿನ ಗ್ರೇಟ್ ವರ್ಲ್ಡ್ ಎಂಬ ಮನರಂಜನಾ ತಾಣದ ಕ್ರೀಡಾಂಗಣದಲ್ಲಿ ಹರ್ನಾಮ್ ಸಿಂಗ್ ಎಂಬ ಗುರುಗಳ ಕೈಕೆಳಗೆ ಫ್ರೀ ಸ್ಟೈಲ್ ಕುಸ್ತಿಯನ್ನು ಕಲಿತರು. ನಿಮ್ಮ ಮಗನ ಪ್ರಶ್ನೆಗೆ ಉತ್ತರ ಹುಡುಕಬೇಕಾದದ್ದು ಇಲ್ಲಿಯೇ.

ಆ ಕಾಲದ ಗೋಡೆ ಜಾಹೀರಾತುಗಳಲ್ಲಿ ಫ್ರೀ ಸ್ಟೈಲ್ ಎಂದು ಅಚ್ಚಾಗುತ್ತಿದ್ದ ಕುಸ್ತಿಗೂ ಒಲಿಂಪಿಕ್ಸ್‌ನ ಫ್ರೀ ಸ್ಟೈಲಿಗೂ ಹೆಸರು ಬಿಟ್ಟರೆ ಬೇರೆ ನಂಟಿಲ್ಲ. ಅದು ಹಗ್ಗ ಬಿಗಿದ ರಿಂಗಿನ ಮೇಲೆ, ಟಿಕೆಟ್ ಮಾರಿ ನಡೆಸುವ ವೃತ್ತಿ ಕುಸ್ತಿ. ಮಟ್ಟಿಯಲ್ಲಿ, ಅಂದರೆ ಗರಡಿಯ ಮಣ್ಣಿನ ಕಣದಲ್ಲಿ, ಬೆನ್ನು ಮಣ್ಣಿಗೆ ತಾಗಿದ ಕೂಡಲೇ ಚಿತ್, ಅಲ್ಲಿಗೆ ಮುಗಿಯಿತು. ಕೆಲವು ಸಲ ಅರ್ಧ ನಿಮಿಷದಲ್ಲಿ ಮುಗಿಯುತ್ತದೆ, ಕೆಲವು ಸಲ ಇಬ್ಬರೂ ಕತ್ತಿಗೆ ಕತ್ತು ಕೊಟ್ಟು ಮುಕ್ಕಾಲು ಗಂಟೆ ಅಲುಗದೆ ನಿಂತು ನೋಡುವವರ ತಾಳ್ಮೆಯನ್ನು ಕೆಡಿಸುತ್ತಾರೆ. ಟಿಕೆಟ್ ಕೊಂಡು ಬಂದ ಸಾವಿರಾರು ಜನರ ಮುಂದೆ ಇದು ನಡೆಯುವುದಿಲ್ಲ. ಆದ್ದರಿಂದ ವೃತ್ತಿ ಕುಸ್ತಿಯಲ್ಲಿ ಯಾರು ಗೆಲ್ಲಬೇಕು, ಹೇಗೆ ಗೆಲ್ಲಬೇಕು ಎಂಬುದನ್ನು ಸಾಮಾನ್ಯವಾಗಿ ಸಂಘಟಕರೂ ಕುಸ್ತಿಪಟುಗಳೂ ಮೊದಲೇ ಮಾತಾಡಿಕೊಂಡಿರುತ್ತಿದ್ದರು. ಅಮೆರಿಕದಲ್ಲಿ ಹಾಗಿತ್ತು, ಸಿಂಗಾಪುರದಲ್ಲಿ ಹಾಗಿತ್ತು, ಮುಂಬಯಿಯ ವರ್ಲಿಯಲ್ಲಿದ್ದ ವಲ್ಲಭಭಾಯಿ ಪಟೇಲ್ ಕ್ರೀಡಾಂಗಣದಲ್ಲೂ ಹಾಗೆಯೇ ಇತ್ತೆಂದು ನಾನು ನಂಬುತ್ತೇನೆ.

ಒಂದು ಉದಾಹರಣೆ ಕೊಡುತ್ತೇನೆ. 1954ರಲ್ಲಿ ದಾರಾ ಸಿಂಗ್ ರುಸ್ತುಮ್-ಎ-ಹಿಂದ್ ಬಿರುದನ್ನು ಗೆದ್ದದ್ದು ಟೈಗರ್ ಜೋಗಿಂದರ್ ಸಿಂಗ್ ಅವರನ್ನು ಸೋಲಿಸಿ. ಮರುವರ್ಷ ಅದೇ ಜೋಗಿಂದರ್, ಅದೇ ಕಿಂಗ್‌ಕಾಂಗ್ ಜೊತೆಗೂಡಿ ಟೋಕಿಯೋದಲ್ಲಿ ಜಪಾನಿನ ರಿಕಿಡೋಜಾನ್ ಜೋಡಿಯ ಎದುರು ಏಷ್ಯಾದ ಜೋಡಿ ಕುಸ್ತಿಯ ಪಟ್ಟವನ್ನು ಗೆದ್ದರು. ಒಂದು ಊರಿನಲ್ಲಿ ಒಬ್ಬರಿಗೊಬ್ಬರು ಎದುರಾಳಿಗಳು, ಇನ್ನೊಂದು ಊರಿನಲ್ಲಿ ಜೊತೆಗಾರರು. ನಾಟಕ ಕಂಪನಿಯ ಕಲಾವಿದರಂತೆ ಅದೊಂದು ಸಂಚಾರಿ ಬಳಗ. ಹೀಗಿರುವಾಗ ಐನೂರಕ್ಕೆ ಐನೂರು ಗೆಲುವು ಎಂಬ ಲೆಕ್ಕವನ್ನು ಗರಡಿಯ ಲೆಕ್ಕದಂತೆ ಓದಬಾರದು.

ಆದರೆ ಇದರಿಂದ ದಾರಾ ಸಿಂಗ್ ಬಲಶಾಲಿಯಾಗಿರಲಿಲ್ಲ ಎಂದು ನಿಮ್ಮ ಮಗ ತಿಳಿದರೆ ಅದು ದೊಡ್ಡ ತಪ್ಪು. ಕಿಂಗ್‌ಕಾಂಗ್ ಎಂಬ ಹೆಸರಿನ ಎಮಿಲ್ ಚಾಯಾ ಅವರು ಇಂದಿನ ರೊಮೇನಿಯಾದ ಬ್ರಾಶೋವ್‌ನಲ್ಲಿ ಹುಟ್ಟಿದವರು. ಅವರ ತೂಕ ಸುಮಾರು 200 ಕಿಲೋ. ಎದುರಾಳಿಯನ್ನು ಹೆಗಲಿಗೆ ಅಡ್ಡಲಾಗಿ ಹೊತ್ತು ಗಿರಗಿರನೆ ತಿರುಗಿಸಿ ಕೆಡವುವುದು ದಾರಾ ಸಿಂಗ್ ಅವರ ಹೆಸರಾದ ಪಟ್ಟು. ಎದುರಾಳಿ ಒಪ್ಪಿ ನೆಲದಿಂದ ತುಸು ಚಿಮ್ಮಿ ಕೊಟ್ಟರೂ, ಒಮ್ಮೆ ಹೆಗಲಿಗೆ ಬಂದ ಮೇಲೆ ಆ 200 ಕಿಲೋ ಭಾರವನ್ನು ಹೊರಬೇಕಾದವರು ಕೆಳಗೆ ನಿಂತವರೇ. ಭಾರ ಕತ್ತಿನ ಬುಡದಲ್ಲಿ ಕೂರುತ್ತದೆ, ಮೊಣಕಾಲು ನಡುಗುತ್ತದೆ, ಎರಡನೆಯ ಸುತ್ತಿಗೆ ಪಾದ ಎತ್ತ ಇಡುತ್ತಿದ್ದೇವೆಂದು ಕಾಣುವುದಿಲ್ಲ. ತೊಂಬತ್ತು ಕಿಲೋ ಗೆಳೆಯನನ್ನು ಹಾಗೆ ಹೊತ್ತು ಮೂರು ಸುತ್ತು ತಿರುಗಿ ನಾಲ್ಕು ದಿನ ಕತ್ತು ತಿರುಗಿಸಲಾಗದೆ ಮಲಗಿದವನು ನಾನು, ಅನುಭವದಿಂದ ಹೇಳುತ್ತಿದ್ದೇನೆ.

ಉತ್ತರ: ಹಳೆಯ ರೀಲು

ಕುಸ್ತಿಯ ವಿಷಯವನ್ನು ಮಟ್ಟಿಮಣ್ಣು ಅವರು ಹೇಳಿದ್ದಾರೆ; ನಾನು ಚಿತ್ರಗಳ ಬಗ್ಗೆ ಬರೆಯುತ್ತೇನೆ. ಐವತ್ತರ ದಶಕದಲ್ಲಿ ಒಂದೆರಡು ಚಿತ್ರಗಳಲ್ಲಿ ಸಣ್ಣದಾಗಿ ಕಾಣಿಸಿಕೊಂಡಿದ್ದರೂ ದಾರಾ ಸಿಂಗ್ ನಾಯಕರಾದದ್ದು 1962ರಲ್ಲಿ, ಬಾಬುಭಾಯಿ ಮಿಸ್ತ್ರಿ ನಿರ್ದೇಶನದ 'ಕಿಂಗ್ ಕಾಂಗ್' ಚಿತ್ರದಲ್ಲಿ. ಅದಕ್ಕೂ ಹಾಲಿವುಡ್ಡಿನ ದೈತ್ಯ ವಾನರನ ಕಥೆಗೂ ಸಂಬಂಧವಿಲ್ಲ. ರಿಂಗಿನಲ್ಲಿ ಯಾವ ಹೆಸರಿನವರನ್ನು ಸೋಲಿಸಿ ಮನೆಮಾತಾಗಿದ್ದರೋ ಆ ಹೆಸರೇ ಚಿತ್ರಮಂದಿರಕ್ಕೂ ಜನರನ್ನು ಎಳೆದು ತಂದಿತು.

ಮರುವರ್ಷ ಬಂದ 'ಫೌಲಾದ್' ಚಿತ್ರದಲ್ಲಿ ಅವರಿಗೆ ಜೋಡಿಯಾದವರು ಮುಮ್ತಾಜ್. ಆಗ ಸಾಹಸಚಿತ್ರಗಳನ್ನು ಎರಡನೆಯ ದರ್ಜೆಯವೆಂದು ದೊಡ್ಡ ನಾಯಕಿಯರು ದೂರವಿಡುತ್ತಿದ್ದ ಕಾಲ. ಮುಮ್ತಾಜ್ ಅವರೊಂದಿಗೆ ಹತ್ತಕ್ಕೂ ಹೆಚ್ಚು ಚಿತ್ರಗಳು ಬಂದವು. ಮುಂದೆ ರಾಜೇಶ್ ಖನ್ನಾ ಅವರಿಗೆ ನಾಯಕಿಯಾಗಿ ಮೆರೆದ ಅವರು ಅಭಿನಯದ ಮೊದಲ ಮೆಟ್ಟಿಲುಗಳನ್ನು ಏರಿದ್ದು ಈ ಚಿತ್ರಗಳಲ್ಲಿಯೇ. ದಾರಾ ಸಿಂಗ್ ಅವರ ತಮ್ಮ ರಂಧಾವಾ ಕೂಡ ಕುಸ್ತಿಪಟು ಮತ್ತು ನಟ. ಅವರು ಮದುವೆಯಾದದ್ದು ಮುಮ್ತಾಜ್ ಅವರ ಸೋದರಿ ಮಲ್ಲಿಕಾ ಅವರನ್ನು.

ನಿಮ್ಮ ತಂದೆಯವರಿಗೆ ಹಿಂದಿ ಬಾರದೆಯೂ ಕಥೆ ಅರ್ಥವಾಯಿತೆಂದು ಬರೆದಿದ್ದೀರಿ. ಆ ಚಿತ್ರಗಳ ಶಕ್ತಿ ಇದ್ದದ್ದೇ ಅಲ್ಲಿ ಎಂದು ನನಗನ್ನಿಸುತ್ತದೆ. ಒಬ್ಬ ರಾಜ, ಒಬ್ಬ ದುಷ್ಟ ಮಂತ್ರಿ, ಒಂದು ಸರಪಳಿ, ಅದನ್ನು ಎದೆಯುಬ್ಬಿಸಿ ಹರಿಯುವ ಒಬ್ಬ ನಾಯಕ. ಇಷ್ಟಿದ್ದರೆ ಯಾವ ಊರಿನ ಪ್ರೇಕ್ಷಕನಿಗೂ ಸಾಕಾಗಿತ್ತು. ಅಭಿನಯದಲ್ಲಿ ಅವರು ದೊಡ್ಡವರೆಂದು ನಾನು ವಾದಿಸುವುದಿಲ್ಲ, ಆದರೆ ಕ್ಯಾಮೆರಾದ ಮುಂದೆ ಅವರ ಮುಖದಲ್ಲಿ ಕ್ರೌರ್ಯ ಎಂದೂ ಕಾಣಲಿಲ್ಲ. 1971ರ 'ಆನಂದ್' ಚಿತ್ರದ ಪೈಲ್ವಾನ್ ಪಾತ್ರವನ್ನು ನೋಡಿ. ಕೆಲವೇ ನಿಮಿಷಗಳ ಪಾತ್ರವಾದರೂ ಆ ದೊಡ್ಡ ದೇಹದ ಒಳಗಿನ ಮೃದುತನ ಥಟ್ಟನೆ ಮನಸ್ಸಿಗೆ ತಟ್ಟುತ್ತದೆ. 1985ರ 'ಮರ್ದ್' ಚಿತ್ರದಲ್ಲಂತೂ ಹಾರಲು ಹೊರಟ ವಿಮಾನಕ್ಕೆ ಹಗ್ಗ ಹಾಕಿ ನಿಲ್ಲಿಸುತ್ತಾರೆ, ಅವರೆಂಬ ಕಾರಣಕ್ಕೆ ಜನ ಅದನ್ನೂ ಒಪ್ಪಿದರು. ಪಂಜಾಬಿ ಚಿತ್ರಗಳನ್ನು ತಾವೇ ನಿರ್ಮಿಸಿ ನಿರ್ದೇಶಿಸಿದರು, ಮೊಹಾಲಿಯಲ್ಲಿ ಸ್ಟುಡಿಯೋ ಕಟ್ಟಿಸಿದರು.

ಮರುಪ್ರಶ್ನೆ: ಹೊಳೆಸಾಲು

ಇಬ್ಬರಿಗೂ ತುಂಬು ಮನಸ್ಸಿನ ಧನ್ಯವಾದಗಳು. ಒಂದು ಸಂದೇಹ ಉಳಿದಿದೆ. 1968ರಲ್ಲಿ ಅಮೆರಿಕದ ಲೂ ಥೆಜ್ ಅವರನ್ನು ಸೋಲಿಸಿ ವಿಶ್ವ ಚಾಂಪಿಯನ್ ಆದರು ಎಂದು ಎಲ್ಲೆಡೆ ಬರೆದಿದ್ದಾರೆ. ಇದನ್ನು ಹೇಗೆ ತಿಳಿಯಬೇಕು?

ಉತ್ತರ: ಮಟ್ಟಿಮಣ್ಣು

ಆ ಕುಸ್ತಿ ನಡೆದದ್ದು ಮುಂಬಯಿಯಲ್ಲಿ, 1968ರ ಮೇ 29ರಂದು. ಥೆಜ್ ಅವರು ವೃತ್ತಿ ಕುಸ್ತಿಯಲ್ಲಿ ಬಹುದೊಡ್ಡ ಹೆಸರು. ಎದುರಾಳಿ ಮಾತು ಮೀರಿದರೆ ಕೈಕಾಲು ತಿರುಚಿ ನಿಜವಾಗಿಯೂ ಶರಣಾಗಿಸಬಲ್ಲ ಪಟ್ಟುಗಳನ್ನು ಕಲಿತಿದ್ದವರು. ಆದರೆ ಅಮೆರಿಕದ ಎನ್‌ಡಬ್ಲ್ಯೂಎ ಸಂಸ್ಥೆಯ ವಿಶ್ವಪಟ್ಟವನ್ನು ಅವರು 1966ರ ಜನವರಿಯಲ್ಲೇ ಜೀನ್ ಕಿನಿಸ್ಕಿ ಅವರಿಗೆ ಬಿಟ್ಟುಕೊಟ್ಟಿದ್ದರು, ಮುಂಬಯಿಗೆ ಬಂದಾಗ ಅವರಿಗೆ ಐವತ್ತೆರಡು ವರ್ಷ. ವಿಶ್ವ ಚಾಂಪಿಯನ್ ಎಂಬ ಪಟ್ಟಗಳು ಆಗ ಹಲವು ಇದ್ದವು. ದಾರಾ ಸಿಂಗ್ ಅವರಿಗೆ ಸಂದದ್ದು ಅವುಗಳಲ್ಲಿ ಒಂದು.

ನನಗೆ ಇದಕ್ಕಿಂತ ಮುಖ್ಯವಾಗಿ ಕಾಣುವುದು ಬೇರೆ ಸಂಗತಿ. ತಮ್ಮನ್ನು ಸೋಲಿಸಿದ ದಾರಾ ಸಿಂಗ್ ಅವರನ್ನು ಥೆಜ್ ಮುಂದೆಯೂ ಅಪ್ಪಟ ಕುಸ್ತಿಪಟುವೆಂದೇ ಮೆಚ್ಚಿ ಮಾತಾಡಿದರು. ಫಲಿತಾಂಶ ಮೊದಲೇ ಗೊತ್ತಿರುವ ರಿಂಗಿನಲ್ಲಿ ಹಿಡಿತ ಯಾರದ್ದು ನಿಜ, ಯಾರದ್ದು ಬರೀ ತೋರಿಕೆ ಎಂಬುದು ಎದುರು ನಿಂತವರ ಮೈಗೆ ಗೊತ್ತಾಗುತ್ತದೆ. 1959ರಲ್ಲಿ ಕಲ್ಕತ್ತೆಯಲ್ಲಿ ಕಾಮನ್‌ವೆಲ್ತ್ ಪಟ್ಟಕ್ಕಾಗಿ ದಾರಾ ಸಿಂಗ್ ಸೋಲಿಸಿದ ಕೆನಡಾದ ಜಾರ್ಜ್ ಗೋರ್ಡಿಯೆಂಕೊ ಕೂಡ ಸಾಮಾನ್ಯರಲ್ಲ. ಗೋರ್ಡಿಯೆಂಕೊ ಅವರ ನಿಜವಾದ ಬಲಕ್ಕೆ ವೃತ್ತಿಯವರೇ ಅಂಜುತ್ತಿದ್ದರು.

ಇನ್ನೊಂದು ಮಾತು. 1947ರ ನಂತರ ಸಂಸ್ಥಾನಗಳು ಹೋದವು, ಪೈಲ್ವಾನರಿಗೆ ಹಾಲು, ಬಾದಾಮಿ, ತುಪ್ಪಕ್ಕೆ ಕೊಡುತ್ತಿದ್ದ ಅರಮನೆಯ ಆಶ್ರಯವೂ ಹೋಯಿತು. ಪಟಿಯಾಲದಲ್ಲಿ ಆದದ್ದು ನಮ್ಮ ಮೈಸೂರಿನಲ್ಲೂ ಆಯಿತು. ಆ ಹೊತ್ತಿನಲ್ಲಿ ಟಿಕೆಟ್ ಕೊಂಡು ಬರುವ ಜನರನ್ನೇ ಪೋಷಕರನ್ನಾಗಿ ಮಾಡಿಕೊಂಡು, 1983ರಲ್ಲಿ ದೆಹಲಿಯಲ್ಲಿ ಕಡೆಯ ಕುಸ್ತಿ ಆಡುವವರೆಗೆ ಪೈಲ್ವಾನ್ ಎಂಬ ಹೆಸರಿನ ಮರ್ಯಾದೆಯನ್ನು ಉಳಿಸಿದವರು ಅವರು. ನಮ್ಮ ಉಸ್ತಾದರು ಫ್ರೀ ಸ್ಟೈಲನ್ನು ಕುಸ್ತಿಯೆಂದೇ ಒಪ್ಪುತ್ತಿರಲಿಲ್ಲ, ಆದರೂ ಗರಡಿಯಲ್ಲಿ ಹನುಮಂತನ ಪಟದ ಪಕ್ಕದಲ್ಲಿ ದಾರಾ ಸಿಂಗ್ ಅವರ ಚಿತ್ರ ಇತ್ತು.

ಉತ್ತರ: ಭಾನುವಾರದ ಬೆಳಗು

ಹನುಮಂತನ ಪಟದ ಮಾತು ಬಂದದ್ದರಿಂದ ಇದನ್ನು ಸೇರಿಸುತ್ತೇನೆ. 1976ರ 'ಬಜರಂಗಬಲಿ' ಚಿತ್ರದಲ್ಲಿ ಹನುಮಂತನಾಗಿದ್ದ ಅವರನ್ನೇ ರಾಮಾನಂದ ಸಾಗರ್ 1987ರಲ್ಲಿ ದೂರದರ್ಶನದ 'ರಾಮಾಯಣ'ಕ್ಕೆ ಕರೆದರು. ಆಗ ಅವರಿಗೆ ಐವತ್ತೆಂಟು ವರ್ಷ. ಮೂತಿಯ ಅಚ್ಚು ಮುಖದ ಅರ್ಧವನ್ನು ಮುಚ್ಚಿದ್ದರಿಂದ ಅಭಿನಯಕ್ಕೆ ಉಳಿದದ್ದು ಕಣ್ಣುಗಳು ಮತ್ತು ಆ ಭುಜಗಳು ಮಾತ್ರ. ರಾಮನ ಎದುರು ಅಷ್ಟು ದೊಡ್ಡ ದೇಹವನ್ನು ಕುಗ್ಗಿಸಿ, ತಲೆ ತಗ್ಗಿಸಿ ಅವರು ಕೂರುತ್ತಿದ್ದ ರೀತಿಯನ್ನು ಕಂಡು ನಮ್ಮ ಅಜ್ಜಿ ಟಿವಿಗೆ ಕೈಮುಗಿಯುತ್ತಿದ್ದರು. ಆ ವಿನಯ ನಾಟಕದ್ದೋ ನಿಜದ್ದೋ ಎಂದು ನಮ್ಮ ಮನೆಯಲ್ಲಿ ಯಾರೂ ಕೇಳಲಿಲ್ಲ.

2003ರಿಂದ 2009ರವರೆಗೆ ರಾಜ್ಯಸಭೆಯ ನಾಮನಿರ್ದೇಶಿತ ಸದಸ್ಯರಾಗಿದ್ದರು. 2012ರ ಜುಲೈ 12ರಂದು ಮುಂಬಯಿಯ ತಮ್ಮ ಮನೆಯಲ್ಲಿ ತೀರಿಕೊಂಡರು. 2018ರಲ್ಲಿ ಅವರ ಹೆಸರನ್ನು ತನ್ನ ಹಾಲ್ ಆಫ್ ಫೇಮ್‌ಗೆ ಸೇರಿಸಿಕೊಂಡದ್ದು ನಿಮ್ಮ ಮಗ ನೋಡುವ ಅದೇ ಡಬ್ಲ್ಯೂಡಬ್ಲ್ಯೂಇ. ಇದನ್ನು ಅವನಿಗೆ ತಪ್ಪದೆ ಹೇಳಿ.

ಹೊಳೆಸಾಲು

ಹೇಳಿದೆ. ನಿನ್ನೆ ಸಂಜೆ ಎಲ್ಲ ಉತ್ತರಗಳನ್ನೂ ಜಗಲಿಯಲ್ಲಿ ಕುಳಿತು ತಂದೆಯವರಿಗೆ ಅವನೇ ಓದಿದ. ಹೆಗಲ ಮೇಲಿನ 200 ಕಿಲೋ ಭಾರದ ಸಾಲುಗಳನ್ನು ಅವರು ಎರಡು ಸಲ ಓದಿಸಿದರು. ಆಮೇಲೆ ಎದ್ದು ನಿಂತು, ಕಾಲುಗಳನ್ನು ಎಷ್ಟು ಅಗಲಕ್ಕೆ ಊರಿ ನಿಲ್ಲಬೇಕು ಎಂಬುದನ್ನು ಮೊಮ್ಮಗನಿಗೆ ತೋರಿಸಿಕೊಟ್ಟರು.