ಅಪ್‌ಡೇಟ್: ಆ ಸೈನಿಕನಿಗೆ ಕೋರ್ಟ್ ಮಾರ್ಷಲ್ ಆಗಿತ್ತೇ?

ಮೊದಲ ಮಹಾಯುದ್ಧದಲ್ಲಿ ಫ್ರಾನ್ಸ್‌ನಲ್ಲಿದ್ದ ಬ್ರಿಟಿಷ್ ಕಾಲಾಳೊಬ್ಬನ ಸೇವಾ ದಾಖಲೆಯಲ್ಲಿ, ಅನುಮತಿಯಿಲ್ಲದ ಗೈರುಹಾಜರಿಗೆ 28 ದಿನಗಳ ‘ಒಂದನೇ ನಂಬರ್ ಫೀಲ್ಡ್ ಪನಿಶ್‌ಮೆಂಟ್’ ಎಂದಿರುವುದನ್ನು ತೋರಿಸಿ, ಅವನಿಗೆ ಕೋರ್ಟ್ ಮಾರ್ಷಲ್ (ಸೇನಾ ನ್ಯಾಯಾಲಯದ ವಿಚಾರಣೆ) ಆಗಿತ್ತೇ ಎಂದು ಕೇಳಿದ್ದೆ. ಉತ್ತರಿಸಿದವರೆಲ್ಲರಿಗೂ ಕೃತಜ್ಞತೆಗಳು.

ಕಮಾಂಡಿಂಗ್ ಅಧಿಕಾರಿ ತಾನೇ ವಿಧಿಸಬಹುದಾಗಿದ್ದ ಗರಿಷ್ಠ ಅವಧಿಯೇ 28 ದಿನ; ಕೋರ್ಟ್ ಮಾರ್ಷಲ್ ಆದರೆ ಮೂರು ತಿಂಗಳವರೆಗೂ ವಿಧಿಸಬಹುದಿತ್ತು. ಹಾಗಾಗಿ ಪ್ರಕರಣ ಬೆಟಾಲಿಯನ್ ಮಟ್ಟದಲ್ಲೇ ಮುಗಿದಿರಬೇಕೆಂಬುದು ನನ್ನ ಈಗಿನ ಅಭಿಪ್ರಾಯ. ಮರಳುವ ಉದ್ದೇಶವೇ ಇಲ್ಲದೆ ಅಥವಾ ಮುಖ್ಯವಾದ ನಿರ್ದಿಷ್ಟ ಕರ್ತವ್ಯವೊಂದನ್ನು ತಪ್ಪಿಸಿಕೊಳ್ಳಲೆಂದು ಹೋದವನನ್ನು ಪಲಾಯನಗೈದವನೆಂದು ಪರಿಗಣಿಸುತ್ತಿದ್ದರು; ಇವನ ದಾಖಲೆಯಲ್ಲಿರುವುದು ಬರೀ ಗೈರುಹಾಜರಿಯಾದ್ದರಿಂದ, ಇವನಿಗೆ ಆ ಹಣೆಪಟ್ಟಿ ಹಚ್ಚುವುದು ಅನ್ಯಾಯ.

ಶಿಕ್ಷೆಯೇನೂ ಹಗುರವಾಗಿರಲಿಲ್ಲ. ದಿನಕ್ಕೆ ಎರಡು ಗಂಟೆಯವರೆಗೆ ಬಂಡಿಯ ಚಕ್ರಕ್ಕೋ ಕಂಬಕ್ಕೋ ಕೈಕಾಲು ಬಿಗಿದು, ಜೊತೆಗಾರರ ಕಣ್ಣೆದುರಿಗೇ ನಿಲ್ಲಿಸುತ್ತಿದ್ದರು. ನಾಲ್ಕು ದಿನಗಳಲ್ಲಿ ಮೂರು ದಿನ, ಒಟ್ಟು 21 ದಿನಗಳಿಗೆ ಮೀರದಂತೆ ಎಂಬುದು ನಿಯಮ. ಉಳಿದ ಹೊತ್ತು ಕಠಿಣ ದುಡಿಮೆ, ಜೊತೆಗೆ ಸಂಬಳವೂ ಕಡಿತ. 1881ರಲ್ಲಿ ರದ್ದಾದ ಚಾಟಿಯೇಟಿನ ಬದಲಿಗೆ ಬಂದ ಈ ಕ್ರಮ 1923ರವರೆಗೂ ಉಳಿದಿತ್ತೆಂಬುದು ನನಗೆ ನಿಜಕ್ಕೂ ನೋವು ತಂದಿತು.

1940ರಲ್ಲಿ ಲಂಡನ್ ಮೇಲೆ ನಡೆದ ಜರ್ಮನ್ ಬಾಂಬ್ ದಾಳಿಯಲ್ಲಿ ಇಂತಹ ಕಡತಗಳಲ್ಲಿ ಬಹುಪಾಲು ಸುಟ್ಟುಹೋದವು. ಅಂಚು ಕರಕಲಾಗಿದ್ದರೂ ಇವನ ಹಾಳೆ ಉಳಿದಿದೆ. ಮುಂದೆ ಬೆಟಾಲಿಯನ್ನಿನ ಯುದ್ಧ ದಿನಚರಿಯಲ್ಲಿ ಆ ವಾರಗಳ ವಿವರವನ್ನು ಹುಡುಕಲಿದ್ದೇನೆ.