ಫ್ರಿಂಜಿಂಗ್, ಹೇಲೊ: ‘ಬಣ್ಣ ಜರುಗಿದೆ’, ‘ಗುಡಿ ಕಟ್ಟಿದೆ’ ಅನ್ನಬಹುದಾ?

ಎಲ್ಲರಿಗೂ ನಮಸ್ಕಾರ.

ಹೊಸದಾಗಿ ಕ್ಯಾಮೆರಾ ಕೊಂಡವರಿಗಾಗಿ ಕನ್ನಡದಲ್ಲಿ ಒಂದು ಕೈಪಿಡಿ ಬರೆಯುತ್ತಿದ್ದೇನೆ. ಎರಡು ಪದಗಳ ಹತ್ತಿರ ಗಾಡಿ ನಿಂತುಬಿಟ್ಟಿದೆ: ಫ್ರಿಂಜಿಂಗ್ ಮತ್ತು ಹೇಲೊ. ಎರಡೂ ಫೋಟೊದಲ್ಲಿ ವಸ್ತುವಿನ ಅಂಚಿಗೆ ಅಂಟಿಕೊಳ್ಳುವ ಕಾಟ. ‘ಅಂಚು’ ಅಂತಲೇ ಕರೆಯೋಣ ಅಂದರೆ ಆ ಪದ ಎಡ್ಜ್‌ಗೆ ಆಗಲೇ ಖರ್ಚಾಗಿದೆ. ‘ಅಂಚಿನ ಅಂಚು’ ಅಂತ ಬರೆದು ನಾನೇ ನಕ್ಕೆ.

ಮೊದಲು ಫ್ರಿಂಜಿಂಗ್. ಹಿತ್ತಲಿನ ತೆಂಗಿನಮರವನ್ನು ಮಟಮಟ ಮಧ್ಯಾಹ್ನ ಕೆಳಗಿನಿಂದ ತೆಗೆದೆ. 50 ಎಂಎಂ ಲೆನ್ಸ್, ಅಪರ್ಚರ್ (ಲೆನ್ಸಿನೊಳಗೆ ಬೆಳಕು ಬರುವ ಕಂಡಿ) ಪೂರ್ತಿ ತೆರೆದು ಎಫ್ 1.8. ಕಂಪ್ಯೂಟರಿನಲ್ಲಿ ದೊಡ್ಡದು ಮಾಡಿ ನೋಡಿದರೆ ಒಂದೊಂದು ಗರಿಗೂ ನೇರಳೆ ಗೆರೆ, ಯಾರೋ ಸ್ಕೆಚ್ ಪೆನ್ನಲ್ಲಿ ತಿದ್ದಿದ ಹಾಗೆ. ಕಂಡಿ ಕಿರಿದು ಮಾಡಿ ಎಫ್ 5.6ರಲ್ಲಿ ತೆಗೆದಾಗ ಹೆಚ್ಚುಕಮ್ಮಿ ಮಾಯ. ಗಾಜು ಒಂದೊಂದು ಬಣ್ಣದ ಬೆಳಕನ್ನು ಒಂದೊಂದು ಥರ ಬಗ್ಗಿಸುತ್ತದೆ, ಎಲ್ಲವೂ ಒಂದೇ ಕಡೆ ಬಂದು ಕೂಡುವುದಿಲ್ಲ. ನ್ಯೂಟನ್‌ಗೂ ಇದೇ ತಲೆನೋವು. ಮಸೂರದ ಸಹವಾಸವೇ ಬೇಡ ಅಂತ 1668ರಲ್ಲಿ ಕನ್ನಡಿ ಹಾಕಿ ದೂರದರ್ಶಕ ಮಾಡಿಕೊಂಡ.

‘ವರ್ಣವಿಪಥನ’ ಅನ್ನಬಹುದು, ಪರೀಕ್ಷೆಯಲ್ಲಿ ಅಂಕ ಬರುತ್ತದೆ. ತೆಂಗಿನ ಗರಿ ನೋಡಿಕೊಂಡು ಯಾರೂ ಹಾಗೆ ಅನ್ನಲ್ಲ. ಫ್ರಿಂಜ್‌ಗೆ ‘ಕುಚ್ಚು’ ಸರಿ, ಆದರೆ ಸೆರಗಿನ ಕುಚ್ಚು ನಾವೇ ದುಡ್ಡು ಕೊಟ್ಟು ಕಟ್ಟಿಸಿದ್ದು. ಇದು ಬೇಡದೆ ಬಂದದ್ದು. ಹೊಸ ಸೀರೆ ನೆನೆಸಿದಾಗ ‘ಬಣ್ಣ ಬಿಡ್ತು’ ಅಂತೀವಲ್ಲ, ಈ ಗರಿಗಳಿಗೆ ಅದೇ ಒಪ್ಪುತ್ತದೆ ಅಂತ ನನಗೆ ಅನ್ನಿಸುತ್ತದೆ.

ಇನ್ನೊಂದು ಜಾತಿಯೂ ಇದೆ. ಚಿತ್ರದ ನಡುವೆ ಇರುವುದಿಲ್ಲ, ಮೂಲೆಗೆ ಹೋದಷ್ಟೂ ಜಾಸ್ತಿ. ಕಿಟಕಿ ಸರಳಿನ ಒಂದು ಕಡೆ ಕೆಂಪು, ಇನ್ನೊಂದು ಕಡೆ ಹಸಿರು ನೀಲಿ. ಅಪರ್ಚರ್ ಕಿರಿದು ಮಾಡಿದರೂ ಜಗ್ಗಲ್ಲ. ಇಲ್ಲಿ ಆಗುವುದೇನೆಂದರೆ ಕೆಂಪಿನ ಬಿಂಬ, ಹಸಿರಿನ ಬಿಂಬ, ನೀಲಿಯ ಬಿಂಬ ಮೂರೂ ಕೂದಲೆಳೆಯಷ್ಟು ಬೇರೆ ಬೇರೆ ಅಳತೆಯಲ್ಲಿ ಬೀಳುತ್ತವೆ. ಹಳೇ ಗೋಡೆ ಕ್ಯಾಲೆಂಡರ್ ನೆನಪಿದೆಯಾ? ಲಕ್ಷ್ಮಿಯ ತುಟಿ ಒಂದು ಕಡೆ, ತುಟಿಯ ಕೆಂಪು ಇನ್ನೊಂದು ಕಡೆ. ನಾವು ಅದನ್ನು ‘ಬಣ್ಣ ಜರುಗಿದೆ’ ಅಂತಿದ್ದೆವು. ಇದಕ್ಕೂ ಹಾಗೇ ಅಂದರೆ ಮದ್ದೂ ತಾನಾಗಿ ಅರ್ಥವಾಗುತ್ತದೆ: ತಂತ್ರಾಂಶವು ಕೆಂಪು, ನೀಲಿ ಪದರಗಳನ್ನು ಹಿಗ್ಗಿಸಿ ಕುಗ್ಗಿಸಿ ಹಸಿರಿನ ಮೇಲೆ ಕೂರಿಸುತ್ತದೆ. ಬಣ್ಣ ಬಿಟ್ಟದ್ದಕ್ಕೆ ಆ ಮದ್ದು ನಾಟಲ್ಲ. ಅಲ್ಲಿ ನೇರಳೆಯನ್ನೇ ತೊಳೆಯಬೇಕು. ಫೋಟೊ ತಿದ್ದುವ ತಂತ್ರಾಂಶ ಲೈಟ್‌ರೂಮಿನ ಡಿಫ್ರಿಂಜ್ ಅನ್ನೋ ಸಾಧನ ಮಾಡುವುದು ಅದನ್ನೇ. ಜೋರಾಗಿ ಎಳೆದು ಅತ್ತಿಗೆಯ ಸೀರೆಯ ನೇರಳೆ ಅಂಚನ್ನೂ ಬೂದು ಮಾಡಿ ಬೈಸಿಕೊಂಡಿದ್ದೇನೆ.

ಇನ್ನು ಹೇಲೊ. ಇದರಲ್ಲಿ ಲೆನ್ಸಿನ ತಪ್ಪಿಲ್ಲ, ನಮ್ಮ ಕೈಯದೇ. ಚಾಮುಂಡಿ ಬೆಟ್ಟದ ಒಂದು ಚಿತ್ರಕ್ಕೆ ಶಾರ್ಪನಿಂಗ್ ಏರಿಸಿದೆ. ಬೆಟ್ಟದ ಬೆನ್ನಿನುದ್ದಕ್ಕೂ ಬಿಳಿ ಗೆರೆ ಎದ್ದಿತು. ಶಾರ್ಪನಿಂಗ್ ಅಂದರೆ ಅಂಚಿನ ಕಪ್ಪು ಕಡೆಯನ್ನು ಇನ್ನಷ್ಟು ಕಪ್ಪು, ಬಿಳಿ ಕಡೆಯನ್ನು ಇನ್ನಷ್ಟು ಬಿಳಿ ಮಾಡುವುದು, ಅಷ್ಟೇ. ಅಂಚಿನಿಂದ ಎಷ್ಟು ದೂರದವರೆಗೆ ಹೀಗೆ ಮಾಡಬೇಕು ಅನ್ನುವ ಅಳತೆಯೇ ರೇಡಿಯಸ್, ಅದು ಹೆಚ್ಚಾದಷ್ಟೂ ಗೆರೆ ಅಗಲ. 3 ಇದ್ದದ್ದನ್ನು 1ಕ್ಕೆ ಇಳಿಸಿದ ಮೇಲೆ ಕಣ್ಣಿಗೆ ಚುಚ್ಚುವುದು ನಿಂತಿತು.

‘ಪ್ರಭಾವಳಿ’ ಅನ್ನಲು ಮನಸ್ಸಿಲ್ಲ. ಅದು ದೇವರ ಬೆನ್ನಿಗಿರುವ ಕಮಾನು, ತಪ್ಪಿಗೆ ಆ ಹೆಸರು ಯಾಕೆ? ‘ಪರಿವೇಷ’ ತುಂಬಾ ಗಂಭೀರ. ಚಂದ್ರನ ಸುತ್ತ ಬಳೆ ಕಂಡರೆ ನಮ್ಮಜ್ಜಿ ‘ಗುಡಿ ಕಟ್ಟಿದೆ, ಮಳೆ ಬರುತ್ತೆ’ ಅನ್ನೋರು. ‘ಬೆಟ್ಟ ಗುಡಿ ಕಟ್ಟಿದೆ, ರೇಡಿಯಸ್ ಇಳಿಸಿ’ ಅಂತ ಬರೆದು ನೋಡಿದೆ, ಚೆನ್ನಾಗಿಯೇ ಕೂತಿತು. ಒಂದೇ ತೊಡಕು. ಬೇಲೂರಿನ ಫೋಟೊ ಬಂದರೆ ‘ಗುಡಿಗೆ ಗುಡಿ ಕಟ್ಟಿದೆ’ ಅನ್ನಬೇಕಾಗುತ್ತದೆ!

ನಾಮಪದ ಹುಡುಕುವುದನ್ನು ಹೀಗೆ ಸದ್ಯಕ್ಕೆ ಬಿಟ್ಟಿದ್ದೇನೆ. ಹಾಲು ಒಡೆಯುತ್ತದೆ, ಗೋಡೆ ಬಿರುಕು ಬಿಡುತ್ತದೆ. ಕೆಟ್ಟದ್ದನ್ನು ನಾವು ಕ್ರಿಯಾಪದದಲ್ಲೇ ಹೇಳುವುದು ಜಾಸ್ತಿ, ಅಲ್ವಾ? ಆದರೆ ಕೈಪಿಡಿಯ ಕೊನೆಗೆ ಪದಪಟ್ಟಿ ಬೇಕು, ಅಲ್ಲಿ ‘ಬಣ್ಣಜರುಗು’, ‘ಗುಡಿಗಟ್ಟು’ ಅಂತ ಹಾಕಿದರೆ ನಿಮ್ಮ ಕಿವಿಗೆ ಹೇಗನ್ನಿಸುತ್ತದೆ? ಕರಾವಳಿ ಕಡೆಯವರು, ಧಾರವಾಡ ಕಲಬುರಗಿ ಕಡೆಯವರು ಚಂದ್ರನ ಬಳೆಗೆ ಏನಂತೀರಿ? ಆಫ್‌ಸೆಟ್ ಪ್ರೆಸ್ಸಿನಲ್ಲಿ ಕೆಲಸ ಮಾಡಿದವರು ಇದ್ದರೆ, ಬಣ್ಣ ಸರಿಯಾಗಿ ಕೂರದಿದ್ದಾಗ ನೀವು ಯಂತ್ರದ ಮುಂದೆ ನಿಂತು ಅಂದುಕೊಳ್ಳುತ್ತಿದ್ದ ಮಾತು ಯಾವುದು? ಬೈಗುಳ ಬಿಟ್ಟು ತಿಳಿಸಿ.